ಚೈತು ಅಳುವುದಿಲ್ಲ

ಸುಗಟೂರು
14 ಆಗಸ್ಟ್ 2025

ನನ್ನ ಸಾದಿಯಾ,

ಹೇಗಿದ್ದೀಯೇ? ಫಯಾಜನ ಹಲ್ಲುನೋವು ಕಡಿಮೆಯಾಯಿತಾ? ನೀನು ಪಾಪುವನ್ನು ನೋಡಿಕೊಂಡು ಹೋದ ಮೇಲೆ ನಾನು ಒಂದು ಫೋನೂ ಮಾಡಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈಯಿ, ಆದರೆ ಪೂರ್ತಿ ಓದಿ ಬೈಯಿ. ಫೋನು ಕೈಗೆತ್ತಿಕೊಂಡರೆ ಚೈತು ಬಂದು ಪಕ್ಕದಲ್ಲೇ ಕೂರುತ್ತಾಳೆ, ಹೇಳಬೇಕಾದದ್ದು ಅವಳ ವಿಷಯವೇ. ಅದಕ್ಕೇ ಕಾಲೇಜು ಬಿಟ್ಟ ಮೇಲೆ ಮೊದಲ ಸಲ ನಿನಗೆ ಕಾಗದ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ನೀನು ಬಂದಾಗ ಚೈತು ಎಷ್ಟು ರಂಪ ಮಾಡಿದ್ದಳು, ನೆನಪಿದೆಯಲ್ಲ? ಐದು ವರ್ಷದ ಹುಡುಗಿ, ತಮ್ಮ ಹುಟ್ಟಿದಾಗಿನಿಂದ ನನ್ನ ಮಡಿಲಿಗಾಗಿ ಅಳುತ್ತಲೇ ಇದ್ದಳು. ಈಗ ಅಳುವುದೇ ಇಲ್ಲ. ಬಂದವರೆಲ್ಲ ಜಾಣೆ, ದೊಡ್ಡವಳಾಗಿಬಿಟ್ಟಳು ಎಂದು ಹೊಗಳುತ್ತಾರೆ. ನನಗೆ ಮಾತ್ರ ಹಾಗನ್ನಿಸುವುದಿಲ್ಲ. ಇಷ್ಟು ಚಿಕ್ಕ ಹೊಟ್ಟೆಯಲ್ಲಿ ಎಲ್ಲವನ್ನೂ ಎಲ್ಲಿಟ್ಟುಕೊಳ್ಳುತ್ತಿದ್ದಾಳೆ?

ನಮ್ಮ ಹುಳುಮನೆ ನೋಡಿದ್ದೀಯಲ್ಲ, ಬಾಣಂತಿ ಕೋಣೆಗೆ ಅಂಟಿಕೊಂಡೇ ಇದೆ. ರೇಷ್ಮೆಹುಳು ಮೇಯುವಷ್ಟು ದಿನ ಒಗ್ಗರಣೆಯ ಘಾಟೂ ತಾಗಬಾರದು, ಊದುಬತ್ತಿಯನ್ನೂ ಹಚ್ಚಬಾರದು. ನಮ್ಮತ್ತೆ ಗಂಗರತ್ನಮ್ಮ ಅದಕ್ಕೆ ಇನ್ನೊಂದು ಸೇರಿಸಿದರು: ಮಕ್ಕಳು ಅತ್ತರೆ ಹುಳು ಸಾಯುತ್ತವಂತೆ. ಚೈತುವಿನ ಬಾಯಿ ಮುಚ್ಚಿಸಲು ಹೇಳಿದ ಮಾತು, ಅಷ್ಟೇ. ನಾನೂ ಸುಮ್ಮನಿದ್ದೆ. ಪಾಪು ಒಂದು ಗಳಿಗೆ ಮಲಗಿದರೆ ಸಾಕಾಗಿತ್ತು.

ಹೋದ ಬೆಳೆಯಲ್ಲಿ ಹುಳು ಮೇದು ಹಣ್ಣಾಗಿ, ಇನ್ನೇನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು ಅನ್ನುವಷ್ಟರಲ್ಲಿ ರೋಗ ಬಿತ್ತು. ತಟ್ಟೆ ತಟ್ಟೆಯೇ ಗುಂಡಿಗೆ ಸುರಿದೆವು. ಚೈತು ಅಲ್ಲೇ ನಿಂತು ನೋಡುತ್ತಿದ್ದಳು. ಅತ್ತೆ ಸಂಕಟದಲ್ಲಿ ಅವಳ ಕಡೆ ತಿರುಗಿದರು.

"ಅತ್ತೂ ಅತ್ತೂ ಎಲ್ಲಾನೂ ಸಾಯಿಸ್ಬಿಟ್ಯಲ್ಲೇ."

ಅವತ್ತಿನಿಂದ ಅವಳ ಅಳು ಹೊರಟಿಲ್ಲ.

ಮೊನ್ನೆ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ಲಂಗದ ಅಂಚು ಕಚ್ಚಿಕೊಂಡು ನಿಂತಿದ್ದಳು. ಶ್ರೀನಿವಾಸಪುರದ ನಿನ್ನ ಅಂಗನವಾಡಿಯಲ್ಲಿ ನೀನು ಮಾಡುವ ಹಾಗೆ ನಾನೂ ಪಕ್ಕದಲ್ಲಿ ಕೂತು, ತುಂಬ ನೋವಾಯ್ತಾ, ಅಳಬೇಕು ಅನ್ನಿಸಿದರೆ ಅಳು ಕಂದಾ ಅಂದೆ. ಎರಡೂ ಕಿವಿ ಮುಚ್ಚಿಕೊಂಡು ಹುಳುಮನೆಯ ಕಡೆ ನೋಡಿದಳು. ಅಲ್ಲಿ ಹೊಸ ಹುಳು ತಂದು ಬಿಟ್ಟಿದ್ದೇವೆ.

ನಮ್ಮ ಯಜಮಾನರು ಅವಳನ್ನು ಎತ್ತಿಕೊಂಡು ಒಳಗೆ ಹೋಗಿ, ಸೊಪ್ಪು ಮೇಯುವ ಹುಳು ತೋರಿಸಿ, ಆಗ ಸತ್ತದ್ದು ರೋಗದಿಂದ, ನಿನ್ನಿಂದಲ್ಲ ಎಂದು ಸಮಾಧಾನವಾಗಿ ಹೇಳಿದರು. ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಅತ್ತೆಯೂ ಪಾಪ, ಬೆಲ್ಲದ ಚೂರು ಹಿಡಿದು ಅವಳ ಹಿಂದೆ ಹಿಂದೆ ತಿರುಗುತ್ತಾರೆ. ಇಸಿದುಕೊಳ್ಳುತ್ತಾಳೆ, ತಿನ್ನುವುದಿಲ್ಲ.

ನಿನ್ನ ಹತ್ತಿರ ಬರುವ ಮಕ್ಕಳಲ್ಲಿ ಹೀಗೆ ಅಳು ನುಂಗಿಕೊಂಡವರು ಯಾರಾದರೂ ಇದ್ದಾರಾ? ಏನು ಮಾಡಿದೆ? ಅಖ್ತರ್ ಬಾನು ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಫಯಾಜನಿಗೆ ನನ್ನ ಮುತ್ತು. ಬಾಯಿ ಬಿಟ್ಟು ನಗುತ್ತಾ, ಬಾಯಿ ಬಿಟ್ಟು ಅಳುತ್ತಾ ಬೆಳೆಯಲಿ ಅವನು.

ನಿನ್ನ
ಸುನಂದ

ತಾ.ಕ.: ಮರೆತು ಹೋದದ್ದಲ್ಲ ಇದು, ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ನೀರೊಲೆಯ ಹತ್ತಿರ ಇದ್ದೆ. ಪಾಪು ಅಳುವುದು ಕೇಳಿಸುತ್ತಿತ್ತು, ಥಟ್ಟನೆ ನಿಂತಿತು. ಓಡಿ ಬಂದೆ. ಚೈತು ಪಾಪುವಿನ ಮೂಗು ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಅವನ ಮುಖ ನೀಲಿಯಾಗಿತ್ತು ಕಣೇ. ಕೈ ಕಿತ್ತು ಎತ್ತಿಕೊಂಡ ಮೇಲೆ ಉಸಿರು ಬಂತು. ಡಾಕ್ಟರಿಗೆ ತೋರಿಸಿದ್ದೇವೆ, ಚೆನ್ನಾಗಿದ್ದಾನೆ. ಹೊಡೆಯಲು ಕೈ ಎತ್ತಿದ್ದೆ, ಅವಳ ಮುಖ ನೋಡಿ ಇಳಿಸಿದೆ. ಹೊಟ್ಟೆಕಿಚ್ಚು ಇರಲಿಲ್ಲ ಅಲ್ಲಿ, ಬರೀ ಹೆದರಿಕೆ.

"ಪಾಪು ಅತ್ರೆ ಹುಳು ಥರ ನೀನೂ ಸತ್ತೋಗ್ತೀಯಮ್ಮ" ಅಂದಳು.

ಇಬ್ಬರನ್ನೂ ಅಪ್ಪಿಕೊಂಡು ನಾನೇ ಜೋರಾಗಿ ಅತ್ತುಬಿಟ್ಟೆ. ಆಗ ಅದೇ ಕೈ ಬಂದು ನನ್ನ ಬಾಯಿ ಮುಚ್ಚಿತು.

ಈ ಕಾಗದ ತರುತ್ತಿರುವವರ ಗಾಡಿಯಲ್ಲೇ ಹೊರಟು ಬಾ ಸಾದಿಯಾ. ಅವಳನ್ನೂ ಪಾಪುವನ್ನೂ ಒಂದೇ ಕೋಣೆಯಲ್ಲಿ ಬಿಡಲು ನನಗೆ ಭಯ. ಬೇರೆ ಬೇರೆ ಇಟ್ಟರೆ, ಸಾಯಿಸುವವಳು ತಾನೇ ಎಂದು ಅವಳು ನಂಬಿಬಿಡುತ್ತಾಳೆ.