ಏಳನೇ ಮೈಲಿಯ ಕುರಿಗಳೂ ಕಚೇರಿಯ ಬಿಳಿ ಪಟ್ಟೆಗಳೂ

ರಸ್ತೆ ಸುರಕ್ಷತೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಏಳನೇ ಮೈಲಿಯಲ್ಲಿ ಇನ್ನು ಮುಂದೆ ಯಾರೂ ಕುರಿ ದಾಟಿಸಕೂಡದು, ದಾಟಿಸುವವರು ಹಿರಿಯೂರು ಪೇಟೆಗೆ ಬಂದು ತಮ್ಮ ಕಚೇರಿಯ ಮುಂದೆ ಬಳಿದಿರುವ ಬಿಳಿ ಪಟ್ಟೆಗಳ ಮೇಲೆಯೇ ದಾಟಿಸತಕ್ಕದ್ದು ಎಂಬ ತಮ್ಮ ಆಜ್ಞೆಯನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ಓದಿದೆ. ಎರಡು ಸಲ ಓದಿದೆ. ಮೊದಲನೇ ಸಲ ನಗು ಬಂತು, ಎರಡನೇ ಸಲ ಹೊಟ್ಟೆ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂದು ಕೇಳಿದ್ದೆ. ಬಸ್ಸು ಮಾಡಿದ ತಪ್ಪಿಗೆ ಕುರಿಗಳಿಗೆ ಶಿಕ್ಷೆ ವಿಧಿಸಿದ್ದನ್ನು ನೋಡುವ ಭಾಗ್ಯ ತಮ್ಮ ಕಾಲದಲ್ಲಿ ಒದಗಿತು. ಇದೇ ವಿಷಯವಾಗಿ ಖಾಸಗಿಯಾಗಿ ಬರೆದ ಎರಡು ಅರ್ಜಿಗಳಿಗೆ ತಮ್ಮಿಂದ ಉತ್ತರ ಬರಲಿಲ್ಲ. ಆದ್ದರಿಂದ ಮೂರನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕಳಿಸಿದ್ದೇನೆ.

ನಾನು ಬಸ್ ಚಾಲಕ. ಹೊಳಲ್ಕೆರೆಯಿಂದ ಚಿತ್ರದುರ್ಗದ ಮೇಲೆ ಹಿರಿಯೂರಿಗೆ ಹದಿನಾಲ್ಕು ವರ್ಷದಿಂದ ಖಾಸಗಿ ಬಸ್ಸು ಓಡಿಸುತ್ತಿದ್ದೇನೆ. ಕಳೆದ ಮಾರ್ಗಶಿರದಲ್ಲಿ ಏಳನೇ ಮೈಲಿಯಲ್ಲಿ ಪಾಲಮ್ಮ ಎಂಬ ಕುರಿ ಕಾಯುವ ಹೆಂಗಸಿನ ಬಲಗಾಲಿನ ಮೇಲೆ ಹರಿದದ್ದು ನನ್ನ ಬಸ್ಸೇ. "ಪಾದಚಾರಿಯ ಅಜಾಗರೂಕತೆಯೇ ಅಪಘಾತಕ್ಕೆ ಏಕೈಕ ಕಾರಣ, ಚಾಲಕನು ನಿರ್ದೋಷಿ" ಎಂದು ತಮ್ಮ ವರದಿ ಹೇಳುತ್ತದೆ. ಬಿಡುಗಡೆಯಾದವನು ಬಂದು ನ್ಯಾಯ ಕೇಳುವುದು ತಮಗೆ ವಿಚಿತ್ರವಾಗಿ ಕಾಣಬಹುದು. ನನಗೂ ಹಾಗೇ ಕಾಣುತ್ತದೆ.

ತಮ್ಮ ಪುಸ್ತಕದಲ್ಲಿ ಇಲ್ಲದ, ಆದರೆ ಈ ಸೀಮೆಯ ಚಾಲಕರಿಗೂ ಕುರಿಯವರಿಗೂ ಚೆನ್ನಾಗಿ ಗೊತ್ತಿರುವ ಒಂದು ಕಟ್ಟಳೆಯನ್ನು ಮೊದಲು ಅರಿಕೆ ಮಾಡುತ್ತೇನೆ. ಮಂದೆ ರಸ್ತೆಗಿಳಿದರೆ ಗಾಡಿಯವನು ಹಾರನ್ ಮಾಡಕೂಡದು. ಮಾಡಿದರೆ ಕುರಿಗಳು ಓಡುವುದಿಲ್ಲ, ನಡುರಸ್ತೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತುಬಿಡುತ್ತವೆ. ಗಾಡಿ ನಿಲ್ಲಿಸಿ ಇಂಜಿನ್ ಆರಿಸಬೇಕು. ಇಂಜಿನ್ ಸದ್ದು ನಿಂತಿತೆಂದರೆ ರಸ್ತೆ ಮಂದೆಯದು. ಮಂದೆಯ ಹಿಂದೆ ನಡೆಯುವವರು ಕೊನೆಯ ಕುರಿಯ ಜೊತೆಗೆ ದಾಟಿ, ಆಚೆ ಬದಿಯಲ್ಲಿ ನಿಂತು ಕೋಲು ಮೇಲೆತ್ತಿದರೆ ರಸ್ತೆ ಗಾಡಿಯವನದು. ಆಮೇಲೆ ಮರಿ ಬಿಟ್ಟಿರಲಿ, ಬುತ್ತಿ ಬಿಟ್ಟಿರಲಿ, ಅವರು ಮತ್ತೆ ರಸ್ತೆಗೆ ಕಾಲಿಡುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರ ಮೊಹರೂ ಇದಕ್ಕಿಲ್ಲ. ಆದರೂ ಹದಿನಾಲ್ಕು ವರ್ಷ ನಾನು ಒಂದು ಕುರಿಯ ಬಾಲಕ್ಕೂ ಚಕ್ರ ತಗುಲಿಸಿರಲಿಲ್ಲ.

ಆ ದಿನ ಈ ಕಟ್ಟಳೆಯನ್ನು ಮೊದಲು ಮುರಿದವನು ನಾನು. ಬಸ್ಸಿನ ಬ್ಯಾಟರಿ ಒಂದು ವಾರದಿಂದ ಸತ್ತಂತಿತ್ತು. ಇಂಜಿನ್ ಆರಿಸಿದರೆ ಮತ್ತೆ ಹೊರಡಿಸಲು ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ಹಿಂದೆ ಇನ್ನೊಂದು ಬಸ್ಸು ಬರುತ್ತಿತ್ತು; ಅದು ಮುಂದಾದರೆ ಹಿರಿಯೂರಿನ ಜನವೆಲ್ಲ ಅದಕ್ಕೆ ಹತ್ತುತ್ತಾರೆ. ಹಾಗಾಗಿ ಇಂಜಿನ್ ಗುರುಗುಟ್ಟಿಸುತ್ತಲೇ ನಿಂತೆ. ಒಳಗಿನ ಜನ ಸುಮ್ಮನಿರಬೇಕಲ್ಲ? "ಏನಪ್ಪ ಡ್ರೈವರ್, ಇವತ್ತು ಇಲ್ಲೇ ಬಿಡಾರ ಹೂಡಾಣ ಅಂತೀಯಾ?" ಎಂದ ಒಬ್ಬ. "ಹಾರನ್ ಹೊಡಿಯಯ್ಯ, ಕೋರ್ಟಿಗೆ ಹೊತ್ತಾಗ್ತೈತೆ" ಎಂದ ಇನ್ನೊಬ್ಬ. ಈ ಕೂಗಾಟ ಪಾಲಮ್ಮನಿಗೂ ಕೇಳಿಸಿತು. ಅವಳು ಕೊನೆಯ ಕುರಿಯ ಹಿಂದೆ ಸರಸರನೆ ದಾಟಿ, ಆಚೆ ನಿಂತು ಕೋಲೆತ್ತಿದಳು. ನಾನು ಗೇರು ಹಾಕಿ ಬಸ್ಸು ಬಿಟ್ಟೆ, ಬಿಡುತ್ತಲೇ ಕೈಗಡಿಯಾರ ನೋಡಿಕೊಂಡೆ. ಅಷ್ಟರಲ್ಲಿ ಈಚೆ ಬದಿಯ ಪೊದೆಯಲ್ಲಿ ಒಂದು ಮರಿ ಅರಚಿತು. ಮರಿಯ ದನಿ ಕಿವಿಗೆ ಬಿದ್ದರೆ ಕುರಿ ಕಾಯುವ ಹೆಂಗಸರ ಕಾಲು ತಾನಾಗಿಯೇ ಹೊರಡುತ್ತದೆ. ಅವಳು ಬಸ್ಸಿನ ಕಡೆ ನೋಡಲೇ ಇಲ್ಲ. ಇಂಜಿನ್ ಸದ್ದು ಮೊದಲಿನಿಂದಲೂ ಇತ್ತಲ್ಲ, ಅದು ನಿಂತ ಬಸ್ಸಿನದೋ ಹೊರಟ ಬಸ್ಸಿನದೋ ಅವಳ ಕಿವಿ ಹೇಗೆ ಹೇಳಬೇಕು? ನಾನು ಗಡಿಯಾರದಿಂದ ತಲೆ ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮರಿಗೆ ಏನೂ ಆಗಲಿಲ್ಲ.

ತಮ್ಮ ವಿಚಾರಣೆ ಇಪ್ಪತ್ತು ನಿಮಿಷ ನಡೆಯಿತು. ಚಾಲಕನಿಗೆ ಫಾರಂನಲ್ಲಿ ಮೂರು ಪ್ರಶ್ನೆ: ವೇಗ ಎಷ್ಟಿತ್ತು, ಬ್ರೇಕು ಸರಿಯಿತ್ತೇ, ಕುಡಿದಿದ್ದೆಯಾ. ಮೂರಕ್ಕೂ ನಾನು ಪಾಸಾದೆ. ಆಮೇಲೆ ಬ್ಯಾಟರಿಯ ವಿಷಯ ಹೇಳಿದೆ. ತಾವು ಗುಮಾಸ್ತರ ಕಡೆ ನೋಡಿದಿರಿ. "ಬ್ಯಾಟರಿಗೆ ಕಾಲಂ ಇಲ್ಲ ಸಾರ್" ಎಂದರು ಅವರು. "ಲೈಸನ್ಸ್ ಉಳೀತಲ್ಲಯ್ಯ, ಇಲ್ಲದ್ದನ್ನ ಮೈಮೇಲೆ ಎಳ್ಕೊಬೇಡ, ಸಹಿ ಹಾಕಿ ನಡಿ" ಎಂದು ತಾವು ದೊಡ್ಡ ಮನಸ್ಸು ಮಾಡಿದಿರಿ. ನಾನು ಸಹಿ ಹಾಕಿ ನಡೆದೆ. ತಮ್ಮನ್ನು ಅನ್ನುವ ಮೊದಲು ನನ್ನ ಈ ಹೇಡಿತನವನ್ನು ಒಪ್ಪಿಕೊಳ್ಳದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಆದರೆ ಪಾಲಮ್ಮನನ್ನು ಕೇಳಿದವರು ಯಾರು? ಅವಳು ದುರ್ಗದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಏನೂ ಇಲ್ಲದೆ ಮಲಗಿದ್ದಳು. ಅವಳ ಹೇಳಿಕೆ ಬರೆಯುವ ಜಾಗದಲ್ಲಿ "ಹಾಜರಿರಲಿಲ್ಲ" ಎಂದಿದೆ. ಕಾಲು ಕಳೆದುಕೊಂಡವಳು ತಮ್ಮ ಕಚೇರಿಗೆ ನಡೆದು ಬಾರದೇ ಹೋದದ್ದನ್ನೂ ಅಜಾಗರೂಕತೆ ಎಂದೇ ಎಣಿಸಿದಿರೇನು?

ಒಂದೂವರೆ ತಿಂಗಳು ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ನನ್ನ ಹೆಂಡತಿ ಸರ್ವಮಂಗಳ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಈ ಪತ್ರದ ಕಾಗುಣಿತ ತಿದ್ದಿದವಳೂ ಅವಳೇ. ಒಂದು ದಿನ ವರದಿಯ ನಕಲು ಓದಿ, "ಇಷ್ಟುದ್ದ ಬರೆದಿದ್ದಾರಲ್ಲ, ಇದರಲ್ಲಿ ನೀವೆಲ್ಲಿದ್ದೀರಿ?" ಎಂದು ಕೇಳಿದಳು. ಮರುದಿನ ಪಾಲಮ್ಮನ ಹಟ್ಟಿಗೆ ಹೋದೆ. ಗುಡಿಸಲ ಮುಂದೆ ಕಂಬಳಿಯ ಮೇಲೆ ಕೂತಿದ್ದಳು.

"ಬಾರಪ್ಪ, ಕುಂತ್ಕ. ಬಸ್ ಎಲ್ಲಿ ನಿಲ್ಸಿದೀಯ? ಇಂಜಿನ್ ಆರ್ಸಿದೀಯ ತಾನೆ?" ಎಂದಳು.

ಅವಳು ನಗುತ್ತಲೇ ಕೇಳಿದಳು. ನನಗೆ ತಡೆಯಲಾಗಲಿಲ್ಲ, ಅವಳ ಮುಂದೆಯೇ ಅತ್ತುಬಿಟ್ಟೆ.

"ಅಳಬ್ಯಾಡ ಸುಮ್ಕಿರು. ಕೋಲೆತ್ತಿದ ಮ್ಯಾಲೆ ನಾನು ತಿರುಗಿ ಬರಬಾರ್ದಿತ್ತು. ಅದು ನಂದು, ಅರ್ಧ ನಾನು ಹೊತ್ಕಂಡೀನಿ. ಉಳಿದರ್ಧ ನಿಂದು. ಅದನ್ನೂ ಕಾಗದದಾಗೆ ನನ್ನ ತಲೆ ಮ್ಯಾಲೇ ಹೇರ್ಯಾರಲ್ಲ, ಒಂದು ಕಾಲಿನಾಗೆ ಎಲ್ಡೂ ಹೊರಾಕೆ ಆಗ್ತೈತಾ? ಹಟ್ಟಿಯೋರೂ ಅದನ್ನೇ ಆಡ್ತಾರೆ, ಸರ್ಕಾರನೇ ನಿಂದೇ ತಪ್ಪು ಅಂದೈತೆ ಅಂತ" ಎಂದಳು.

ಮಾನ್ಯರೇ, ರಸ್ತೆಯ ಹೊಣೆಯ ಬಗ್ಗೆ ನಾನು ಇದಕ್ಕಿಂತ ಸರಿಯಾದ ತೀರ್ಪು ಕೇಳಿಲ್ಲ. ಕೊಟ್ಟವಳಿಗೆ ಓದು ಬರಹ ಬಾರದು.

ಈಗ ತಮ್ಮ ಬಿಳಿ ಪಟ್ಟೆಗಳಿಗೆ ಬರುತ್ತೇನೆ. ಪಾಲಮ್ಮನ ಗಂಡ ಜುಂಜಣ್ಣ ತಮ್ಮ ಆಜ್ಞೆಗೆ ಹೆದರಿ ಅದನ್ನು ಅಕ್ಷರಶಃ ಪಾಲಿಸಿದ. ಈ ತಾಲ್ಲೂಕಿನಲ್ಲಿ ತಮ್ಮ ಆಜ್ಞೆ ಪಾಲಿಸಿದವನು ಅವನೊಬ್ಬನೇ ಇರಬೇಕು. ಸುಗ್ಗಿಯ ನಂತರ ಮಂದೆ ವೇದಾವತಿ ಹೊಳೆಯ ಕಡೆಯ ತೋಟಗಳಲ್ಲಿ ಗೊಬ್ಬರಕ್ಕೆಂದು ತಂಗಿತ್ತು. ಅಲ್ಲಿ ಮೇವು ಮುಗಿದು, ಈಗ ಹೆದ್ದಾರಿ ದಾಟಿ ಊರಿಗೆ ಮರಳಬೇಕು. ಕಳೆದ ಗುರುವಾರ ಬೆಳಿಗ್ಗೆ ಮಗಳು ಚಿತ್ತಮ್ಮನನ್ನು ಅವಳ ತಾಯಿಯ ಜಾಗದಲ್ಲಿ, ಅಂದರೆ ಹಿಂದೆ, ನಿಲ್ಲಿಸಿಕೊಂಡು ನೂರ ನಲವತ್ತು ಕುರಿಗಳನ್ನು ಪೇಟೆಗೆ ಹೊಡೆದುಕೊಂಡು ಬಂದ. ನಾನು ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ ನೋಡುತ್ತಿದ್ದೆ. ಮುಂದಿನ ಟಗರು ಬಿಳಿ ಬಣ್ಣ ಮೂಸಿತು, ನಾಲ್ಕು ಕಾಲೂರಿ ನಿಂತಿತು. ನೆಲದ ಮೇಲಿನ ಗೀಟು ಕುರಿಗೆ ಹಳ್ಳದ ಹಾಗೆ ಕಾಣುತ್ತದೆ ಎಂಬುದು ಕುರಿ ಕಾಯುವವರಿಗೆಲ್ಲ ಗೊತ್ತು. "ನಡೀಲೇ, ನಡಿ! ಸಾಹೇಬ್ರು ನಿನಗೇ ಅಂತ ಬಣ್ಣ ಬಳಿಸ್ಯಾರೆ, ನಡಿ!" ಎಂದು ಜುಂಜಣ್ಣ ಗೋಗರೆದ. ಎರಡೂ ಕಡೆ ಲಾರಿಗಳು ನಿಂತು ಹಾರನ್ ಹಿಡಿದವು. ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದದ್ದು ತಮ್ಮ ಕಚೇರಿಯ ಜೀಪು. ಟಗರು ಒಮ್ಮೆಲೆ ಹಾರಿತು, ಹಿಂದಿನವು ಅತ್ತ ಹಾರಿದವು, ಇತ್ತ ಹಾರಿದವು, ಹತ್ತಾರು ಕುರಿಗಳು ಸೋಡಾ ಅಂಗಡಿಗೆ ನುಗ್ಗಿದವು. ಚದುರಿದ ಕುರಿಗಳ ಹಿಂದೆ ಚಿತ್ತಮ್ಮ ಎರಡು ಲಾರಿಗಳ ನಡುವೆ ಓಡಿದಳು. ಲಾರಿಯ ಮೂತಿಗೂ ಆ ಹುಡುಗಿಯ ಬೆನ್ನಿಗೂ ಒಂದು ಗೇಣು ಉಳಿದಿತ್ತು. ಅವರು ಕುರಿಗಳನ್ನು ಕೂಡಿಸಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು.

ನಡೆಯುವವರದು ತಪ್ಪೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಹೊಳಲ್ಕೆರೆ ಪೇಟೆಯಲ್ಲಿ ನಡುರಸ್ತೆಯೇ ಮದುವೆ ಮಾತಿನ ಜಗುಲಿ. ಹೊಸದುರ್ಗದ ತಿರುವಿನಲ್ಲಿ ಓಡುವ ಬಸ್ಸಿನಿಂದ ಧುಮುಕಿ, ಬಿದ್ದಮೇಲೆ ಡ್ರೈವರಿಗೆ ಬೈಯುವ ಶೂರರಿದ್ದಾರೆ. ನಮ್ಮ ಚಾಲಕರೇನು ಕಡಿಮೆಯೇ? ಹಾರನ್ ಒತ್ತಿದ್ದಾಯಿತು, ಇನ್ನು ಅವನುಂಟು ಅವನ ಹಣೆಬರಹವುಂಟು ಎನ್ನುವವರೇ ನಮ್ಮಲ್ಲಿ ಹೆಚ್ಚು. ಒಂದು ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ ಎಂಬುದು ಚಾಲಕರಿಗೂ ಕುರಿಯವರಿಗೂ ಗೊತ್ತಿದ್ದುದರಿಂದಲೇ ಆ ಕಟ್ಟಳೆ ಹುಟ್ಟಿತು: ನಾನು ಇಂಜಿನ್ ಆರಿಸುತ್ತೇನೆ, ನೀನು ಕೋಲೆತ್ತು. ಇಬ್ಬರೂ ಒಂದೊಂದು ತಪ್ಪು ಮಾಡಿದ ದಿನ ಒಂದು ಕಾಲು ಹೋಯಿತು. ತಾವು ಮಾಡಿದ್ದೇನು? ಒಬ್ಬರ ತಪ್ಪನ್ನು ಅಳಿಸಿ ಇನ್ನೊಬ್ಬರ ತಲೆಗೆ ಕಟ್ಟಿದಿರಿ, ಆಮೇಲೆ ಕಟ್ಟಳೆಯಿದ್ದ ಜಾಗವನ್ನೇ ಮುಚ್ಚಿದಿರಿ. ತಾವು ಈ ರಸ್ತೆಯಲ್ಲಿ ಕೊನೆಯ ಸಲ ನಡೆದದ್ದು ಯಾವಾಗ? ಜೀಪಿನಲ್ಲಲ್ಲ, ಕಾಲಿನಲ್ಲಿ?

ನಾನು ಕೇಳುವುದು ಇಷ್ಟೇ. ವರದಿಯಲ್ಲಿರುವ "ಏಕೈಕ" ಎಂಬ ಮಾತನ್ನು ಹೊಡೆದುಹಾಕಿ, ಚಾಲಕ ಇಂಜಿನ್ ಆರಿಸಲಿಲ್ಲ ಎಂದು ಬರೆಯಿರಿ. ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಅದಕ್ಕೆ ನನ್ನ ಲೈಸನ್ಸು ಹೋಗುವುದಾದರೆ ಹೋಗಲಿ. ಕುರಿ ದಾಟಬಾರದೆಂಬ ಆಜ್ಞೆಯನ್ನು ಹಿಂತೆಗೆದುಕೊಂಡು, ಏಳನೇ ಮೈಲಿಯ ಎರಡೂ ಬದಿಗೆ "ಮಂದೆ ಕಂಡರೆ ಇಂಜಿನ್ ಆರಿಸಿ" ಎಂಬ ಹಲಗೆ ನೆಡಿಸಿ. ಬಣ್ಣ ತಮ್ಮಲ್ಲಿ ಉಳಿದೇ ಇರಬೇಕು.

ಆದರೆ ಮಂದೆ ತಮ್ಮ ಉತ್ತರಕ್ಕೆ ಕಾಯುವಂತಿಲ್ಲ. ತೋಟದವರು ಯುಗಾದಿಗೆ ಮುಂಚೆ ಜಾಗ ಬಿಡಿ ಎಂದಿದ್ದಾರೆ. ಬರುವ ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಮಂದೆ ಏಳನೇ ಮೈಲಿಯಲ್ಲೇ ದಾಟುತ್ತದೆ, ಹಿಂದೆ ಚಿತ್ತಮ್ಮ ಇರುತ್ತಾಳೆ. ಆ ದಿನ ನಾನು ಬಸ್ಸು ತೆಗೆಯುವುದಿಲ್ಲ, ಕೆಂಪು ಟವಲು ಹಿಡಿದು ರಸ್ತೆಯ ನಡುವೆ ನಿಂತಿರುತ್ತೇನೆ. ಆಜ್ಞೆ ಮುರಿದದ್ದಕ್ಕೆ ಯಾರನ್ನಾದರೂ ಹಿಡಿಯಬೇಕಿದ್ದರೆ ನನ್ನನ್ನು ಹಿಡಿಯಿರಿ, ಖಂಡಿತ ಬನ್ನಿ. ಬರುವಾಗ ಮಾತ್ರ ಜೀಪನ್ನು ಒಂದು ಫರ್ಲಾಂಗು ದೂರದಲ್ಲೇ ನಿಲ್ಲಿಸಿ, ಇಂಜಿನ್ ಆರಿಸಿ, ನಡೆದುಕೊಂಡು ಬನ್ನಿ.

ಇಂತಿ,
ತಮ್ಮ ಕಾಗದದಲ್ಲಿ ನಿರ್ದೋಷಿ, ತನ್ನ ಮನೆಯಲ್ಲಿ ಅಲ್ಲ,
ಗೋವಿಂದಯ್ಯ
ಬಸ್ ಚಾಲಕ, ಹೊಳಲ್ಕೆರೆ
ಮಾರ್ಚ್ ೧೯೭೫