ಬೆಳ್ಳಿ ತಟ್ಟೆ ತಂದ ತಲೆ

ನವೆಂಬರ್ 14, ಗುರುವಾರ. ಹೆರ್ನೆ.

ಮಾನ್ಯ ಸಭಿಕರೇ, ಮಹಾಜನರೇ! ಜರ್ಮನಿಯ ಮಾಜಿ ಚಾಂಪಿಯನ್ ಯೋರ್ನ್, ಅಂದರೆ ನಾನು, ಇಂದು ನಮ್ಮೂರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬಟಾಣಿ ಸೂಪಿನ ಮುಂದೆ ನಿಂತು ಮತ್ತೊಮ್ಮೆ ಗೆದ್ದೆ. ಎಳೆಯ ಮಕ್ಕಳಿಗೆ ತಲೆಯಿಂದ ಚೆಂಡು ಹೊಡೆಯಲು ಕಲಿಸಬೇಕೋ ಬೇಡವೋ ಎಂದು ಮತದಾನವಿತ್ತು. "ಇಪ್ಪತ್ತು ವರ್ಷ ತಲೆ ಕೊಟ್ಟೆ. ನಂಗೇನಾಗಿದೆ?" ಎಂದು, ನಮ್ಮ ತಂಡಕ್ಕೆ ಚಾಂಪಿಯನ್ನರ ಬೆಳ್ಳಿ ತಟ್ಟೆ ತಂದುಕೊಟ್ಟ, ನಾನು ತಲೆಯಿಂದ ಹೊಡೆದ ಆ ಗೋಲನ್ನು ಇಂಚಿಂಚಾಗಿ ವರ್ಣಿಸಿದೆ. ಕಲಿಸಬೇಕೆಂದು ಕೈಗಳೆಲ್ಲ ಎದ್ದವು.

ಹಾರ್ಟ್‌ವಿಗ್ ಮಾತ್ರ ಎತ್ತಲಿಲ್ಲ. ಅಂದು ನಮ್ಮ ಗೋಲ್‌ಕೀಪರ್ ಆಗಿದ್ದವನು. ಬಿಯರು ತಣ್ಣಗೆ, ಅವನ ನೋಟ ಸಣ್ಣಗೆ.

"ಲೋ ಯೋರ್ನ್, ಗೋಲಾದ್ಮೇಲೆ ನಿನ್ ಕಿವೀಲಿ ನಾನೇನಂದೆ?"

"ಬೈದಿರ್ತೀಯ, ಇನ್ನೇನು!"

ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಅದು ಟೀವೀಲಿ ಬಂದಿಲ್ಲ ನೋಡು, ಪಾಪ," ಅಂದ.

ಆ ಪಾಪಕ್ಕೆ ಏನರ್ಥ? ಆ ಗೋಲಾದ ಮೇಲೆ ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಇವತ್ತೇ ಯಾಕೆ ಬಾಯಿ ಬಿಟ್ಟ? ನನ್ನ ಹೆಂಡತಿ ಫ್ರಾಕೆಯ ಕಿವಿಗೂ ಊದಿದ್ದಾನೆಯೇ? ಅವಳೂ ಈಚೆಗೆ "ತಲೆನೋವೇನ್ರೀ?" ಎಂದು ದಿನಕ್ಕೆರಡು ಸಲ ಕೇಳುತ್ತಾಳೆ. ಇಬ್ಬರೂ ಸೇರಿ ನನ್ನನ್ನು ಪರೀಕ್ಷಿಸುತ್ತಿದ್ದಾರೆ. ಅಥವಾ ಇಡೀ ಕ್ಲಬ್ಬೇ.

ನಾಳೆ ಸಂಜೆ ಏಳೆಂಟು ವರ್ಷದ ಹದಿನಾಲ್ಕು ಮಕ್ಕಳು, ನನ್ನ ಮಾತು ನಂಬಿ, ಬರುವ ಚೆಂಡಿಗೆ ತಲೆಯೊಡ್ಡಿ ನಿಲ್ಲುತ್ತಾರೆ.

ಸಾಕು ಭಾಷಣ. ಆ ಗೋಲು ನನಗೆ ನೆನಪಿಲ್ಲ; ವರ್ಣಿಸಿದ್ದೆಲ್ಲ ಟೀವಿಯಲ್ಲಿ ನೋಡಿದ್ದು. ಚೆಂಡಿಗೆ ಹಾರಿದ್ದು ಗೊತ್ತು, ಆಮೇಲೆ ನೆನಪಿರುವುದು ವಾಪಸು ಬರುವ ತಂಡದ ಬಸ್ಸು. ಯಾರೋ ಆ ತಟ್ಟೆಯನ್ನು ತಂದು ನನ್ನ ಮಡಿಲಲ್ಲಿಟ್ಟರು. ಯಾರು ಗೆದ್ದದ್ದು ಎಂದು ನಾನು ಕೇಳಿದೆ.