ಗುಮಾಸ್ತೆ ಎಂದು ಬರೆದ ತಪ್ಪು

ಹದಿನಾಲ್ಕನೇ ತಾರೀಕು, ಗುರುವಾರ.

ಬಂತಪ್ಪಾ ಆಜ್ಞೆ! ಆಸ್ಪತ್ರೆಯಲ್ಲಿ ಆಡಳಿತದ ಖರ್ಚು ಮಿತಿಮೀರಿದೆಯಂತೆ. ಒಂಬತ್ತು ಗುಮಾಸ್ತರಲ್ಲಿ ಕೊನೆಗೆ ಸೇರಿದ ಒಬ್ಬರನ್ನು ನಾಳೆಯೇ ಕೈಬಿಡಬೇಕಂತೆ. ಪಟ್ಟಿಯಲ್ಲಿ ಕೊನೆಯ ಹೆಸರು ಹೆರಿಗೆ ವಾರ್ಡಿನ ಆಯಾಳದು.

ಆಕೆ ಗುಮಾಸ್ತೆಯಾದದ್ದು ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ನನ್ನ ಕೈಯಿಂದಲೇ. ಆರು ವರ್ಷದ ಹಿಂದೆ ಆಯಾಳ ಹುದ್ದೆ ಖಾಲಿಯಿರಲಿಲ್ಲ, ಗುಮಾಸ್ತೆಯ ಹುದ್ದೆ ಇತ್ತು. ಕೆಲಸ ಕಾಯಂ ಆಗಲೆಂದು ಹಾಗೇ ಬರೆದುಬಿಟ್ಟೆ. ಅಂದು ವರ ಕೊಟ್ಟ ದೇವರಂತೆ ಮೀಸೆ ತಿರುವಿದ್ದೆ!

ಮೇಲಧಿಕಾರಿಗೆ ಫೋನಿನಲ್ಲಿ ಗುಡುಗಿದೆ: "ಆಕೆ ಹೋದರೆ ಬಾಣಂತಿಯರ ಗತಿಯೇನು ಸ್ವಾಮಿ?"

"ಗುಮಾಸ್ತೆಗೂ ಬಾಣಂತಿಗೂ ಏನ್ರೀ ಸಂಬಂಧ? ಆಯಾ ಅಂದ್ರೆ ನೀವು ಸುಳ್ಳು ದಾಖಲೆ ಬರೆದ ಹಾಗಾಯ್ತು. ಯಾವುದಂತ ಬರ್ಕೊಳ್ಲಿ, ಹೇಳಿ?"

"ಗುಮಾಸ್ತೆ ಅಂತಲೇ ಬರ್ಕೊಳ್ಳಿ ಸ್ವಾಮಿ" ಎಂದೆ. ನನ್ನ ನೌಕರಿ ಉಳಿಸಿಕೊಂಡೆ.

ಸಂಜೆ ವಾರ್ಡಿಗೆ ಹೋಗಿ ಆಕೆಗೆ ಹೇಳಿದೆ. "ಗುಮಾಸ್ತೆ ಅಂತ ಒಂದು ಕುರ್ಚಿನೂ ಕೊಡ್ಲಿಲ್ಲ ನೀವು, ಈಗ ಏನಣ್ಣಾ ಕಿತ್ಕೊಳ್ತೀರಿ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಏಳನೇ ಮಂಚದ ಹುಡುಗಿಗೆ ನಾಳೆ ಹೆರಿಗೆ ಆಗಬಹುದು. ಅವಳು ನನ್ನ ಕೈ ಬಿಡ್ತಾನೇ ಇಲ್ಲ. ಅಲ್ಲಿವರೆಗಾದ್ರೂ ಇರ್ಲಾ?"

ಇರು ಎಂದೆ. ಹಾಗೆನ್ನುವ ಅಧಿಕಾರ ನನಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಪಟ್ಟಿಗೆ ರುಜು ಹಾಕಬೇಕು. ಮಗು ಅದಕ್ಕಿಂತ ಮುಂಚೆ ಬಂದರೆ ಆಕೆಗೆ ಕೊಟ್ಟ ಮಾತು ಉಳಿದೀತು, ಬರದಿದ್ದರೆ...